ಅನಿಮೆಯಿಂದ ಲೈವ್ ಆಕ್ಷನ್ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

‘ರುರೌನಿ ಕೆನ್‌ಶಿನ್’ ಅನ್ನುವ ಜಪಾನಿ ಕತ್ತಿ ಫೈಟ್ ಸಿನಿಮಾಗಳನ್ನು ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಹೇಳಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆನ್‌ಶಿನ್ ಬಗ್ಗೆ ಜಾಸ್ತಿ ಇದೆ, ಉಳಿದವುಗಳ ಬಗ್ಗೆ ಬೇಕಾದಷ್ಟು ಇದೆ.

ಲೈವ್ ಆಕ್ಷನ್ ಅಂದರೆ ಏನು?

ಚಿತ್ರ ಬರೆದು ಮಾಡಿದ ಕಥೆಯನ್ನು ನಿಜವಾದ ನಟರನ್ನು ಇಟ್ಟುಕೊಂಡು ಕ್ಯಾಮೆರಾದಲ್ಲಿ ಶೂಟ್ ಮಾಡುವುದು. ಅಷ್ಟೇ. ಜಪಾನಿನಲ್ಲಿ ಇದಕ್ಕೆ ‘ಜಿಶ್ಶಾಕಾ’ ಅನ್ನುತ್ತಾರೆ. ಅಲ್ಲಿನ ಅಭಿಮಾನಿಗಳು ಈ ಮಾತು ಕೇಳಿದ ಕೂಡಲೇ ಖುಷಿಪಡುವುದಕ್ಕಿಂತ ಹೆದರುವುದೇ ಜಾಸ್ತಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಇವೆಲ್ಲ ಅನಿಮೆಯಿಂದ ಬಂದವಾ, ಮಂಗಾದಿಂದ ಬಂದವಾ?

ಅನಿಮೆ ಅಂದರೆ ಜಪಾನಿ ಕಾರ್ಟೂನ್, ಮಂಗಾ ಅಂದರೆ ಜಪಾನಿ ಕಾಮಿಕ್ಸ್. ಬಹುಪಾಲು ಮಂಗಾದಿಂದ. ನಾವು ಮೊದಲು ನೋಡಿದ್ದು ಅನಿಮೆ ಆಗಿರುವುದರಿಂದ ಸಿನಿಮಾ ಅದರಿಂದಲೇ ಬಂದಿದೆ ಅಂದುಕೊಳ್ಳುತ್ತೇವೆ. ‘ಡೆತ್ ನೋಟ್’ ನೋಡಿ. ಅದರ ಮೊದಲ ಜಪಾನಿ ಸಿನಿಮಾ ಥಿಯೇಟರಿಗೆ ಬಂದದ್ದು 2006ರ ಜೂನ್‌ನಲ್ಲಿ. ಟಿವಿಯಲ್ಲಿ ಅನಿಮೆ ಶುರುವಾಗಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಂದರೆ ಸಿನಿಮಾನೇ ಅಣ್ಣ, ಅನಿಮೆ ತಮ್ಮ. ರಿಯೊಕೊ ಇಕೆಡಾ ಅವರ ‘ರೋಸ್ ಆಫ್ ವರ್ಸೈ’ ಮಂಗಾ ಕಥೆಯೂ ಹಾಗೇ. ಫ್ರೆಂಚ್ ನಿರ್ದೇಶಕ ಜಾಕ್ ದೆಮಿ ಅದನ್ನು ‘ಲೇಡಿ ಆಸ್ಕರ್’ ಅಂತ ಸಿನಿಮಾ ಮಾಡಿದ್ದು 1979ರಲ್ಲಿ, ಜಪಾನಿನ ದುಡ್ಡಿನಲ್ಲಿ. ಅದರ ಅನಿಮೆ ಬಂದಿದ್ದು ಕೆಲವು ತಿಂಗಳ ನಂತರ.

ಕೆನ್‌ಶಿನ್ ವಿಷಯದಲ್ಲಿ ಸಾಲು ಹೀಗಿದೆ. ನೊಬುಹಿರೊ ವಾತ್ಸುಕಿ ಅವರ ಮಂಗಾ 1994ರಿಂದ 1999ರವರೆಗೆ ಬಂತು. ಟಿವಿ ಅನಿಮೆ 1996ರಲ್ಲಿ ಶುರುವಾಯಿತು. ಮೊದಲ ಲೈವ್ ಆಕ್ಷನ್ ಬಂದಿದ್ದು 2012ರಲ್ಲಿ.

ಇಂಥ ಸಿನಿಮಾಗಳು ಯಾಕೆ ಇಷ್ಟೊಂದು ಕೆಡುತ್ತವೆ?

ಎಲ್ಲರೂ ಬಜೆಟ್ ಅನ್ನುತ್ತಾರೆ. ಅದು ಅರ್ಧ ಉತ್ತರ. ಜಪಾನಿನಲ್ಲಿ ಒಂದು ಸಿನಿಮಾಕ್ಕೆ ಒಂದೇ ಕಂಪನಿ ದುಡ್ಡು ಹಾಕುವುದು ಕಡಿಮೆ. ಟಿವಿ ಚಾನೆಲ್, ಪುಸ್ತಕದ ಪ್ರಕಾಶಕರು, ಜಾಹೀರಾತು ಕಂಪನಿ, ಇನ್ನೂ ಒಬ್ಬಿಬ್ಬರು ಸೇರಿ ಒಂದು ಸಮಿತಿ ಮಾಡಿಕೊಳ್ಳುತ್ತಾರೆ. ನಷ್ಟವಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗಲಿ ಅಂತ. ಆದರೆ ಇಷ್ಟು ಜನ ಕೂತಾಗ ಪ್ರತಿಯೊಬ್ಬರಿಗೂ ಏನಾದರೂ ಒಂದು ಬೇಕು, ಹೀಗಾಗಿ ಪಾತ್ರಕ್ಕೆ ಹೊಂದುವ ನಟನಿಗಿಂತ ಆ ವರ್ಷ ಹೆಸರು ಮಾಡಿರುವ ಹುಡುಗನೇ ಹೀರೊ ಆಗಿಬಿಡುವುದು ಉಂಟು.

ಇನ್ನರ್ಧ ಉತ್ತರ ನನ್ನದು, ಮತ್ತು ಈ ಪುಟದಲ್ಲಿ ನಾನು ಹೇಳಬೇಕು ಅಂತಿರುವುದೂ ಇದನ್ನೇ. ಚಿತ್ರದಲ್ಲಿ ಒಬ್ಬ ಹತ್ತು ಅಡಿ ಹಾರಿದರೆ ಅದಕ್ಕೊಂದು ಕಾರಣ ಇರುತ್ತದೆ. ಅವನು ಹಗುರ, ಅವನು ಬೇಗ, ಅವನಿಗೆ ಕೋಪ ಬಂದಿದೆ, ಹೀಗೆ. ಕೆಟ್ಟ ಸಿನಿಮಾ ಆ ಹತ್ತು ಅಡಿಯನ್ನು ಕಾಪಿ ಮಾಡುತ್ತದೆ. ಒಳ್ಳೆಯ ಸಿನಿಮಾ ಆ ಕಾರಣವನ್ನು ಹಿಡಿದುಕೊಂಡು, ಮೂಳೆ ಮಾಂಸ ಇರುವ ಮೈ ಅದನ್ನು ಹೇಗೆ ತೋರಿಸೀತು ಅಂತ ಹುಡುಕುತ್ತದೆ.

ವಿಗ್ ನೋಡಿದರೆ ನಗು ಬರುತ್ತೆ, ಅದಕ್ಕೇನು ಮಾಡೋದು?

ನಿಮ್ಮ ತಪ್ಪಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ರಾತ್ರಿ ರಂಗಸ್ಥಳದಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದೇ ವೇಷ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹಾಗೆ ಕಾಣುವುದಿಲ್ಲ. ವೇಷ ಬದಲಾಗಿಲ್ಲ, ಸುತ್ತಲಿನ ಜಗತ್ತು ಬದಲಾಗಿದೆ. ಜಪಾನಿನಲ್ಲಿ ಇದೇ ಮಂಗಾ, ಅನಿಮೆ ಕಥೆಗಳನ್ನು ನಾಟಕವಾಗಿ ಆಡುವ ಒಂದು ದೊಡ್ಡ ರಂಗಭೂಮಿಯೇ ಇದೆ. ‘2.5 ಆಯಾಮ’ ಅನ್ನುತ್ತಾರೆ ಅದಕ್ಕೆ, ಚಿತ್ರದ ಎರಡು ಆಯಾಮ ಮತ್ತು ಬದುಕಿನ ಮೂರು ಆಯಾಮಗಳ ನಡುವಿನದು ಅಂತ. 2003ರಲ್ಲಿ ಶುರುವಾದ ‘ಪ್ರಿನ್ಸ್ ಆಫ್ ಟೆನಿಸ್’ ಸಂಗೀತ ನಾಟಕ ಅದಕ್ಕೆ ದಾರಿ ಮಾಡಿಕೊಟ್ಟಿತು. ಅಲ್ಲಿ ನೀಲಿ ಕೂದಲಿಗೂ ಯಾರೂ ನಗುವುದಿಲ್ಲ. ರಂಗದಲ್ಲಿ ಎಲ್ಲವೂ ವೇಷವೇ ಅಲ್ವಾ.

ಸಿನಿಮಾ ಕ್ಯಾಮೆರಾ ಮಾತ್ರ ಹತ್ತಿರ ಬರುತ್ತದೆ. ಚರ್ಮದ ರಂಧ್ರ ಕಾಣುತ್ತದೆ, ವಿಗ್ಗಿನ ಅಂಚು ಕಾಣುತ್ತದೆ. 2017ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ತಂಡ ಇಟಲಿಗೇ ಹೋಗಿ ಶೂಟ್ ಮಾಡಿತು. ನಿಜವಾದ ಹಳೇ ಊರು, ನಿಜವಾದ ಕಲ್ಲಿನ ಬೀದಿ. ಅದರ ನಡುವೆ ಜಪಾನಿ ಹುಡುಗನಿಗೆ ಹೊಂಬಣ್ಣದ ಕೂದಲು. ಬೀದಿ ನಿಜವಾದಷ್ಟೂ ಕೂದಲು ಸುಳ್ಳಾಯಿತು. ಕೆನ್‌ಶಿನ್ ತಂಡ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಅನಿಮೆಯಲ್ಲಿ ಕೆನ್‌ಶಿನ್ ಕೂದಲು ಕಣ್ಣು ಕುಕ್ಕುವಷ್ಟು ಕೆಂಪು. ಸಿನಿಮಾದಲ್ಲಿ ಅದನ್ನು ಕೆಂಪು ಬೆರೆತ ಕಂದು ಮಾಡಿದ್ದಾರೆ. ನೆರಳಲ್ಲಿ ಕಪ್ಪು ಅನಿಸುತ್ತದೆ, ಬಿಸಿಲಿಗೆ ಬಂದಾಗ ಕೆಂಪು ಹೊಳೆಯುತ್ತದೆ. ಬಟ್ಟೆಯೂ ಅಂಗಡಿಯಿಂದ ಈಗ ತಂದಂತೆ ಇಲ್ಲ, ಹಾಕಿ ತೊಳೆದು ಮಾಸಿದ ಬಟ್ಟೆ.

ಹಾಗಾದರೆ ಕೆನ್‌ಶಿನ್ ಯಾಕೆ ಗೆದ್ದಿತು?

ಮೊದಲು ಕಥೆ ಒಂದು ಸಾಲಿನಲ್ಲಿ. ಜಪಾನಿನ ಅಂತರ್ಯುದ್ಧದಲ್ಲಿ ನೂರಾರು ಜನರನ್ನು ಕೊಂದ ಒಬ್ಬ ಹುಡುಗ, ಯುದ್ಧ ಮುಗಿದ ಮೇಲೆ ಇನ್ನು ಯಾರನ್ನೂ ಕೊಲ್ಲುವುದಿಲ್ಲ ಅಂತ ಶಪಥ ಮಾಡಿ ಊರೂರು ಅಲೆಯುತ್ತಾನೆ.

ಈಗ ಅವನ ಕತ್ತಿ ನೋಡಿ, ಇಡೀ ಸಿನಿಮಾ ಅದರಲ್ಲೇ ಇದೆ. ಸಾಮಾನ್ಯ ಜಪಾನಿ ಕತ್ತಿಗೆ ಹೊರಬಾಗಿನ ಕಡೆ ಹರಿತ. ಕೆನ್‌ಶಿನ್ ಹತ್ತಿರ ಇರುವ ‘ಸಕಾಬಾತೊ’ಗೆ ನಮ್ಮ ಕುಡುಗೋಲಿನ ಹಾಗೆ ಒಳಬಾಗಿನ ಕಡೆ ಹರಿತ. ಅಂದರೆ ಬೀಸಿದರೆ ಎದುರಾಳಿಗೆ ತಾಗುವುದು ಮೊಂಡು ಬದಿ. ಮೂಳೆ ಮುರಿಯಬಹುದು, ಪ್ರಾಣ ಹೋಗುವುದಿಲ್ಲ. ಹರಿತದ ಬದಿ ಯಾವಾಗಲೂ ಅವನ ಕಡೆಗೇ ತಿರುಗಿರುತ್ತದೆ.

ಮಂಗಾದಲ್ಲಿ ಇದು ಒಂದು ಒಳ್ಳೆ ಕಲ್ಪನೆ. ಸಿನಿಮಾದಲ್ಲಿ ಇದೇ ಫೈಟ್ ಮಾಡುವ ರೀತಿಯಾಯಿತು. ಹೇಗೆ ಅಂದರೆ, ಕತ್ತಿ ಸಿನಿಮಾದಲ್ಲಿ ಸಾಮಾನ್ಯವಾಗಿ ಒಂದು ಏಟಿಗೆ ಒಬ್ಬ ಬೀಳುತ್ತಾನೆ, ಅಲ್ಲಿಗೆ ಅವನ ಕಥೆ ಮುಗಿಯಿತು. ಕೆನ್‌ಶಿನ್‌ಗೆ ಆ ಸೌಲಭ್ಯ ಇಲ್ಲ. ಬಿದ್ದವನು ಮತ್ತೆ ಏಳಬಹುದು. ಹಾಗಾಗಿ ಅವನು ನಿಲ್ಲುವಂತಿಲ್ಲ, ಓಡುತ್ತಲೇ ಇರಬೇಕು, ಒಬ್ಬನಿಗೆ ಎರಡು ಮೂರು ಏಟು ಹಾಕಬೇಕು, ಹಾಕುತ್ತಲೇ ಮುಂದಿನವನ ಕಡೆ ತಿರುಗಬೇಕು. ಮೊದಲ ಸಿನಿಮಾದಲ್ಲಿ ಡೋಜೋ, ಅಂದರೆ ಕತ್ತಿವರಸೆ ಕಲಿಸುವ ಶಾಲೆಯ ಒಳಗೆ ಗೂಂಡಾಗಳು ತುಂಬಿಕೊಳ್ಳುವ ಫೈಟ್ ನೋಡಿ. ಅವನು ಇಷ್ಟಿಷ್ಟೇ ಬಗ್ಗಿ, ನೆಲಕ್ಕೆ ಹತ್ತಿರವಾಗಿ, ಜಾರುತ್ತಾ ತಿರುಗುತ್ತಾ ಹೋಗುತ್ತಾನೆ. ಆ ಓಟದಲ್ಲಿ ಸ್ಟೈಲ್ ಇದೆ, ನಿಜ. ಅದಕ್ಕಿಂತ ಜಾಸ್ತಿ ಕೊಲ್ಲಬಾರದು ಅನ್ನುವ ಹಠ ಇದೆ.

ಇದರ ಹಿಂದೆ ಇರುವವರು ಫೈಟ್ ಮಾಸ್ಟರ್ ಕೆಂಜಿ ತಾನಿಗಾಕಿ. ಜಪಾನಿನವರು, ಆದರೆ ಕೆಲಸ ಕಲಿತದ್ದು ಹಾಂಗ್‌ಕಾಂಗ್‌ನಲ್ಲಿ, ಅಲ್ಲಿನ ಆಕ್ಷನ್ ನಟ ಡಾನಿ ಯೆನ್ ಜೊತೆ ವರ್ಷಗಟ್ಟಲೆ ದುಡಿದವರು. ಹಳೇ ಜಪಾನಿ ಸಮುರಾಯ್ ಸಿನಿಮಾಗಳಲ್ಲಿ ಇಬ್ಬರು ಎದುರುಬದುರು ಅಲುಗದೆ ನಿಲ್ಲುತ್ತಾರೆ, ಗಾಳಿ ಬೀಸುತ್ತದೆ, ಒಂದೇ ಏಟು. ತಾನಿಗಾಕಿ ಅದಕ್ಕೆ ಹಾಂಗ್‌ಕಾಂಗ್‌ನ ವೇಗ ತಂದರು. 2024ರ ಹಾಂಗ್‌ಕಾಂಗ್ ಸಿನಿಮಾ ‘ಟ್ವೈಲೈಟ್ ಆಫ್ ದಿ ವಾರಿಯರ್ಸ್’ ನೋಡಿದ್ದರೆ ಅದರ ಫೈಟ್‌ಗಳೂ ಇವರವೇ.

ಇನ್ನು ನಿರ್ದೇಶಕ ಕೇಶಿ ಓಟೊಮೊ ಮತ್ತು ನಟ ತಕೆರು ಸಾಟೊ. ಓಟೊಮೊ ಎನ್‌ಎಚ್‌ಕೆ ಟಿವಿಯಲ್ಲಿ ಇದ್ದವರು. ಅಲ್ಲಿ 2010ರಲ್ಲಿ ಅವರು ‘ರ್‍ಯೋಮಾದೆನ್’ ಎಂಬ ದೊಡ್ಡ ಐತಿಹಾಸಿಕ ಧಾರಾವಾಹಿ ನಿರ್ದೇಶಿಸಿದರು. ಕೆನ್‌ಶಿನ್ ಕೊಲೆಗಾರನಾಗಿದ್ದ ಅದೇ ಕಾಲದ ಕಥೆ. ಅದರಲ್ಲಿ ಸಾಟೊ ಮಾಡಿದ್ದು ಒಕಾದ ಇಜೊ ಎಂಬ ನಿಜವಾದ ಕೊಲೆಗಾರನ ಪಾತ್ರ. ಹೀಗಾಗಿ ಕೆನ್‌ಶಿನ್ ಶುರುವಾಗುವ ಹೊತ್ತಿಗೆ ಇಬ್ಬರಿಗೂ ಆ ಕಾಲದ ಬಟ್ಟೆ, ಮಣ್ಣು, ಭಯ ಎಲ್ಲ ಗೊತ್ತಿತ್ತು. ಇಂಥ ತಯಾರಿ ದುಡ್ಡು ಕೊಟ್ಟರೆ ಸಿಗುವುದಲ್ಲ.

ಯಾವ ಕ್ರಮದಲ್ಲಿ ನೋಡಬೇಕು?

ಬಿಡುಗಡೆಯಾದ ಕ್ರಮದಲ್ಲೇ. ‘ರುರೌನಿ ಕೆನ್‌ಶಿನ್’ (2012), ‘ಕ್ಯೋಟೊ ಇನ್‌ಫರ್ನೊ’ ಮತ್ತು ‘ದಿ ಲೆಜೆಂಡ್ ಎಂಡ್ಸ್’ (ಎರಡೂ 2014), ‘ದಿ ಫೈನಲ್’ ಮತ್ತು ‘ದಿ ಬಿಗಿನಿಂಗ್’ (ಎರಡೂ 2021). 2014ರ ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ, ಅವು ಒಂದೇ ಕಥೆಯ ಎರಡು ಭಾಗ. ಕೊನೆಯ ಎರಡು 2020ರಲ್ಲೇ ಬರಬೇಕಿತ್ತು, ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದವು.

‘ದಿ ಬಿಗಿನಿಂಗ್’ ಕಥೆ ಎಲ್ಲಕ್ಕಿಂತ ಹಿಂದಿನದು, ಹಾಗಾದರೆ ಅದನ್ನೇ ಮೊದಲು ನೋಡಬಹುದಲ್ವಾ ಅಂತ ಕೇಳುವವರು ತುಂಬಾ ಜನ. ಬೇಡ. ಯಾಕೆ ಬೇಡ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಅನಿಮೆ ನೋಡದೆ ನೇರ ಸಿನಿಮಾ ನೋಡಿದರೆ ಅರ್ಥವಾಗುತ್ತಾ?

ಆಗುತ್ತದೆ. ನನ್ನ ಅಕ್ಕ ಒಂದು ಅನಿಮೆಯನ್ನೂ ಪೂರ್ತಿ ನೋಡಿದವಳಲ್ಲ. ಒಂದು ಭಾನುವಾರ ಮೊದಲ ಕೆನ್‌ಶಿನ್ ಹಾಕಿದ್ದೆ, ಅವಳು ಹುರುಳಿಕಾಯಿ ಸೋಸುತ್ತಾ ಪಕ್ಕದಲ್ಲಿ ಕೂತಿದ್ದಳು. ಡೋಜೋ ಫೈಟ್ ಬರುವಷ್ಟರಲ್ಲಿ ಕೈ ನಿಂತಿತ್ತು. ಮುಗಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, ‘ಅವನ ಕೆನ್ನೆ ಮೇಲೆ ಆ ಗಾಯ ಹೇಗಾಯ್ತು?’ ನೋಡಿ, ಅದೇ ಸರಿಯಾದ ಪ್ರಶ್ನೆ. ಉತ್ತರ ಐದನೇ ಸಿನಿಮಾದಲ್ಲಿದೆ. ಅವಳು ಐದನ್ನೂ ನೋಡಿದಳು.

ಅನಿಮೆ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಸಿನಿಮಾ ನನ್ನ ಮಟ್ಟಿಗೆ ಅರ್ಧ ಸಿನಿಮಾ.

ಇದರಲ್ಲಿ ಇತಿಹಾಸ ಎಷ್ಟು ನಿಜ?

ಹಿನ್ನೆಲೆ ನಿಜ, ಕೆನ್‌ಶಿನ್ ಕಲ್ಪನೆ. 1868ರಲ್ಲಿ ದೇಶ ಆಳುತ್ತಿದ್ದ ಸೇನಾನಾಯಕರಾದ ಶೋಗನ್‌ಗಳ ಆಳ್ವಿಕೆ ಮುಗಿದು ಮೆಯಿಜಿ ಚಕ್ರವರ್ತಿಯ ಹೆಸರಿನ ಹೊಸ ಸರ್ಕಾರ ಬಂತು. ಕಥೆ ನಡೆಯುವುದು 1878ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1876ರಲ್ಲಿ, ಸಾಮಾನ್ಯ ಜನ ಬೀದಿಯಲ್ಲಿ ಕತ್ತಿ ಹಿಡಿದು ಓಡಾಡುವುದನ್ನು ಸರ್ಕಾರ ನಿಷೇಧಿಸಿತ್ತು. ಕೆನ್‌ಶಿನ್ ಕತ್ತಿ ಕಂಡ ಕೂಡಲೇ ಪೊಲೀಸರು ಯಾಕೆ ಸುತ್ತುವರಿಯುತ್ತಾರೆ ಅನ್ನುವುದಕ್ಕೆ ಇದೇ ಕಾರಣ.

ಸಿಗರೇಟು ಸೇದುವ ಪೊಲೀಸ್ ಸೈತೊ ಹಾಜಿಮೆ ಇತಿಹಾಸದಲ್ಲಿ ನಿಜವಾಗಿ ಇದ್ದವನು. ಶೋಗನ್ ಪರ ಹೋರಾಡಿದ ಶಿನ್ಸೆನ್‌ಗುಮಿ ಪಡೆಯ ನಾಯಕರಲ್ಲೊಬ್ಬ, ಆಮೇಲೆ ಹೊಸ ಸರ್ಕಾರದ ಪೊಲೀಸ್ ಆದ. ಮಂತ್ರಿ ಒಕುಬೊ ತೊಶಿಮಿಚಿ 1878ರ ಮೇ 14ರಂದು ಕೊಲೆಯಾದದ್ದೂ ನಿಜ. ಆದರೆ ಕೊಂದವರು ಅಸಮಾಧಾನಗೊಂಡ ಸಮುರಾಯ್‌ಗಳು. ಸಿನಿಮಾದಲ್ಲಿ ಆ ಕೊಲೆಯನ್ನು ಕಥೆಯ ಖಳನ ಕಡೆಯವನ ತಲೆಗೆ ಕಟ್ಟಿದ್ದಾರೆ. ಕೆನ್‌ಶಿನ್‌ಗೂ ಒಂದು ನಿಜವಾದ ಮೂಲ ಇದೆ. ಕವಾಕಾಮಿ ಗೆನ್ಸಾಯ್ ಎಂಬ ಕೊಲೆಗಾರನಿಂದ ಪಾತ್ರ ಹೊಳೆಯಿತು ಅಂತ ವಾತ್ಸುಕಿ ಹೇಳಿದ್ದಾರೆ. ಗೆನ್ಸಾಯ್‌ಗೆ ಹೊಸ ಸರ್ಕಾರ ಮರಣದಂಡನೆ ಕೊಟ್ಟಿತು. ಕಥೆಯಲ್ಲಿ ಬದುಕಿ ಉಳಿದವನಿಗೆ ಇತಿಹಾಸದಲ್ಲಿ ಬದುಕುವ ಅವಕಾಶ ಸಿಗಲಿಲ್ಲ.

ಸಬ್‌ಟೈಟಲ್ ಹಾಕಿಕೊಂಡು ನೋಡಬೇಕಾ, ಇಂಗ್ಲಿಷ್ ಡಬ್ ಸಾಕಾ?

ಜಪಾನಿ ಭಾಷೆಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಕಾರಣ ಇದೆ. ಕೆನ್‌ಶಿನ್ ತನ್ನನ್ನು ತಾನು ‘ಸೆಶ್ಶಾ’ ಅಂದುಕೊಳ್ಳುತ್ತಾನೆ. ‘ನಾನು’ ಅನ್ನುವುದನ್ನು ತುಂಬಾ ತಗ್ಗಿ ಹೇಳುವ ಹಳೇ ಮಾತು ಅದು. ವಾಕ್ಯದ ಕೊನೆಗೆ ‘ದೆ ಗೊಜಾರು’ ಸೇರಿಸುತ್ತಾನೆ, ಅದೂ ಹಳೇ ಕಾಲದ ವಿನಯ. ಮೂಲ ಕಥೆಯಲ್ಲಿ ಅವನೊಳಗಿನ ಹಳೇ ಕೊಲೆಗಾರ ಎದ್ದಾಗ ಇದೇ ‘ನಾನು’ ‘ಒರೆ’ ಆಗುತ್ತದೆ. ಒರಟು ಮಾತು. ನಮ್ಮಲ್ಲಿ ಇಷ್ಟು ಹೊತ್ತು ‘ನೀವು’ ಅಂತಿದ್ದವನು ತಟ್ಟನೆ ‘ನೀನು’ ಅಂದಾಗ ಎದೆ ಝಲ್ ಅನ್ನುತ್ತದಲ್ಲ, ಅಂಥದ್ದೇ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಡಬ್ಬಿಂಗ್‌ನಲ್ಲಿ ಆ ಬದಲಾವಣೆ ಪೂರ್ತಿ ಕಳೆದುಹೋಗುತ್ತದೆ.

ಹಾಲಿವುಡ್‌ಗೆ ಇದು ಯಾಕೆ ಆಗೋದಿಲ್ಲ?

ಮೊದಲು ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ (2009). ಕಾಡಿನಲ್ಲಿ ಬೆಳೆದ ಮುಗ್ಧ ಗೊಕುವನ್ನು ಅಮೆರಿಕದ ಹೈಸ್ಕೂಲ್ ಹುಡುಗ ಮಾಡಿದರು. ಮೂಲ ಲೇಖಕ ಅಕಿರಾ ತೊರಿಯಾಮ ಬದಲಾವಣೆ ಸೂಚಿಸಿದರೂ ಕೇಳಲಿಲ್ಲ. ಚಿತ್ರಕಥೆ ಬರೆದ ಬೆನ್ ರಾಮ್ಸಿ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು, ತಾನು ಆ ಕಥೆಯ ಅಭಿಮಾನಿಯಾಗಿ ಬರೆಯಲಿಲ್ಲ, ದೊಡ್ಡ ಸಂಭಾವನೆಗೆ ಬರೆದೆ ಅಂತ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಇದರಿಂದ ಒಂದು ಒಳ್ಳೆಯದೂ ಆಯಿತು. ಈ ಸಿನಿಮಾ ತಂದ ಬೇಸರವೂ ಸೇರಿ ತೊರಿಯಾಮ ಮತ್ತೆ ಡ್ರ್ಯಾಗನ್‌ಬಾಲ್ ಕಡೆ ತಿರುಗಿದರು, 2013ರ ‘ಬ್ಯಾಟಲ್ ಆಫ್ ಗಾಡ್ಸ್’ ಅನಿಮೆ ಸಿನಿಮಾಕ್ಕೆ ಕಥೆ ಕೊಟ್ಟರು.

‘ಘೋಸ್ಟ್ ಇನ್ ದಿ ಶೆಲ್’ (2017) ಬೇರೆ ಥರ. ಕಣ್ಣಿಗೆ ಚೆಂದ ಇದೆ. ಜಪಾನಿ ಹೆಸರಿನ ನಾಯಕಿ ಕುಸನಾಗಿಯ ಪಾತ್ರಕ್ಕೆ ಬಿಳಿಯ ನಟಿ ಸ್ಕಾರ್ಲೆಟ್ ಜೊಹಾನ್ಸನ್ ಅವರನ್ನು ಹಾಕಿದ್ದಕ್ಕೆ ದೊಡ್ಡ ಗಲಾಟೆ ಆಯಿತು. 1995ರ ಅನಿಮೆ ನಿರ್ದೇಶಿಸಿದ ಮಮೊರು ಓಶಿಯಿ ಅವರಿಗೇ ಇದರಲ್ಲಿ ತಪ್ಪು ಕಾಣಲಿಲ್ಲ, ಜಪಾನಿನಲ್ಲಿ ಬಹಳ ಜನ ತಲೆಕೆಡಿಸಿಕೊಳ್ಳಲಿಲ್ಲ. ಸಿಟ್ಟು ಬಂದಿದ್ದು ಮುಖ್ಯವಾಗಿ ಅಮೆರಿಕದಲ್ಲಿರುವ ಏಷ್ಯಾ ಮೂಲದವರಿಗೆ. ಎರಡೂ ನನಗೆ ಅರ್ಥವಾಗುತ್ತದೆ. ಜಪಾನಿನವರಿಗೆ ತಮ್ಮ ಮುಖ ದಿನಾ ತೆರೆ ಮೇಲೆ ಕಾಣುತ್ತದೆ. ಅಮೆರಿಕದಲ್ಲಿ ಬೆಳೆದ ಹುಡುಗಿಗೆ ಅಂಥ ಒಂದು ಪಾತ್ರ ಬರುವುದೇ ಅಪರೂಪ, ಅದೂ ಕೈತಪ್ಪಿದರೆ ನೋವಾಗುತ್ತದೆ. ನನ್ನ ತಕರಾರು ಕಥೆಯ ಬಗ್ಗೆ. ಅನಿಮೆ ಕೇಳಿದ್ದು, ಮೈಯೆಲ್ಲ ಯಂತ್ರವಾದ ಮೇಲೆ ‘ನಾನು’ ಅನ್ನುವುದು ಏನು ಅಂತ. ಸಿನಿಮಾ ಅದನ್ನು ಕಳೆದುಹೋದ ನೆನಪು ಹುಡುಕುವ ಮಾಮೂಲಿ ಕಥೆ ಮಾಡಿತು.

2017ರ ಅಮೆರಿಕನ್ ‘ಡೆತ್ ನೋಟ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಣ್ಣಗೆ ಲೆಕ್ಕ ಹಾಕುವ ಹುಡುಗನನ್ನು ಹೆದರಿ ಕಿರುಚುವ ಹುಡುಗ ಮಾಡಿದ ಮೇಲೆ ಹೆಸರು ಬರೆದರೆ ಜನ ಸಾಯುವ ಆ ಪುಸ್ತಕದಿಂದ ಏನು ಪ್ರಯೋಜನ? 2006ರ ಜಪಾನಿ ಜೋಡಿ ಸಿನಿಮಾ ನೋಡಿ. ಪತ್ತೇದಾರ ‘ಎಲ್’ ಪಾತ್ರದಲ್ಲಿ ಕೆನಿಚಿ ಮತ್ಸುಯಾಮ ಕುಕ್ಕರಗಾಲಲ್ಲಿ ಕೂತು ಸಿಹಿ ತಿನ್ನುವುದನ್ನು ನೋಡಿದರೆ ಸಾಕು, ಚಿತ್ರದಿಂದ ಎದ್ದು ಬಂದ ಹಾಗಿದ್ದಾರೆ.

ಹಾಲಿವುಡ್‌ನಲ್ಲಿ ಒಂದೂ ಚೆನ್ನಾಗಿಲ್ವಾ?

ಇವೆ. ‘ಅಲಿಟಾ: ಬ್ಯಾಟಲ್ ಏಂಜೆಲ್’ (2019) ನನಗೆ ತುಂಬಾ ಇಷ್ಟ. ಯುಕಿತೊ ಕಿಶಿರೊ ಅವರ ಮಂಗಾವನ್ನು ಜೇಮ್ಸ್ ಕ್ಯಾಮೆರಾನ್ ವರ್ಷಗಟ್ಟಲೆ ಕೈಯಲ್ಲಿ ಹಿಡಿದುಕೊಂಡಿದ್ದರು, ಕೊನೆಗೆ ರಾಬರ್ಟ್ ರೊಡ್ರಿಗೆಜ್ ನಿರ್ದೇಶಿಸಿದರು. ಅಲಿಟಾಳ ದೊಡ್ಡ ಕಣ್ಣನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಹಾಗೇ ಇಟ್ಟರು. ಮೊದಲ ಐದು ನಿಮಿಷ ವಿಚಿತ್ರ ಅನಿಸುತ್ತದೆ. ಆಮೇಲೆ ಅವಳು ಮೊದಲ ಸಲ ಕಿತ್ತಳೆ ಹಣ್ಣು ತಿನ್ನುತ್ತಾಳೆ, ಸಿಪ್ಪೆ ಸಮೇತ ಕಚ್ಚಿ, ಆಗ ನೀವು ಕಣ್ಣಿನ ಗಾತ್ರ ಮರೆತಿರುತ್ತೀರಿ. ಅವಳು ಕೃತಕ ಮೈಯ ಹುಡುಗಿ, ಹಾಗಾಗಿ ಆ ಕಣ್ಣಿಗೆ ಕಥೆಯಲ್ಲೇ ಕಾರಣ ಇದೆ.

ವಚೌಸ್ಕಿಗಳ ‘ಸ್ಪೀಡ್ ರೇಸರ್’ (2008) ಬಿಡುಗಡೆಯಾದಾಗ ಸೋತಿತು. 1967ರ ಅನಿಮೆಯ ಬಣ್ಣಗಳನ್ನು ತಗ್ಗಿಸದೆ ಇಡೀ ಜಗತ್ತನ್ನೇ ಆ ಬಣ್ಣಕ್ಕೆ ಅದ್ದಿದರು. ಈಗ ಅದಕ್ಕೆ ಅಭಿಮಾನಿಗಳು ಜಾಸ್ತಿ ಆಗಿದ್ದಾರೆ, ನಾನೂ ಒಬ್ಬ.

ಅಂದರೆ ಜಪಾನಿನವರು ಮಾಡಿದರೆ ಚೆನ್ನಾಗಿರುತ್ತೆ ಅಂತಾನಾ?

ಇಲ್ಲ. 2015ರ ‘ಅಟ್ಯಾಕ್ ಆನ್ ಟೈಟನ್’ ಎರಡು ಭಾಗ ಜಪಾನಿನವರದ್ದೇ. ಹಾಶಿಮಾ ಎಂಬ ಪಾಳುಬಿದ್ದ ಗಣಿ ದ್ವೀಪದಲ್ಲಿ ಶೂಟ್ ಮಾಡಿದರು, ಮನುಷ್ಯರನ್ನು ತಿನ್ನುವ ದೈತ್ಯರಾದ ಟೈಟನ್‌ಗಳು ನಿಜಕ್ಕೂ ಭಯ ಹುಟ್ಟಿಸುತ್ತವೆ. ಆದರೆ ಪಾತ್ರಗಳನ್ನು ಬದಲಾಯಿಸಿದರು, ಎಲ್ಲರಿಗೂ ಪ್ರಿಯನಾದ ಲೀವಾಯ್‌ನನ್ನೇ ಕೈಬಿಟ್ಟರು. ಯಾಕೆ ಹೋರಾಡುತ್ತಿದ್ದಾರೆ ಅನ್ನುವುದೇ ತೆಳುವಾದಾಗ ಎಷ್ಟು ದೊಡ್ಡ ಟೈಟನ್ ಬಂದರೂ ಏನೂ ಅನಿಸುವುದಿಲ್ಲ.

ಚೆನ್ನಾಗಿರುವವೂ ಇವೆ. ನಗಬೇಕು ಅಂದರೆ ‘ಗಿಂತಾಮಾ’ (2017). ದೊಡ್ಡ ಯುದ್ಧ ಬೇಕು ಅಂದರೆ ಶಿನ್ಸುಕೆ ಸಾಟೊ ಅವರ ‘ಕಿಂಗ್‌ಡಮ್’ (2019) ಮತ್ತು ಅದರ ಮುಂದಿನವು.

ಸಿನಿಮಾಕ್ಕಿಂತ ಸೀರೀಸ್ ವಾಸಿ ಅಲ್ವಾ?

ಉದ್ದದ ಕಥೆಗೆ ಹೌದು. ನೆಟ್‌ಫ್ಲಿಕ್ಸ್‌ನ ‘ಒನ್ ಪೀಸ್’ (2023) ಎಂಟು ಕಂತಿನಲ್ಲಿ ಉಸಿರಾಡಿಕೊಂಡು ಕಥೆ ಹೇಳಿತು, ಮೂಲ ಲೇಖಕ ಎಯಿಚಿರೊ ಓಡಾ ಒಪ್ಪುವವರೆಗೂ ಬಿಡುಗಡೆ ಇಲ್ಲ ಅಂತ ಮೊದಲೇ ಮಾತಾಗಿತ್ತು. ಆದರೆ ಸೀರೀಸ್ ಆದ ಮಾತ್ರಕ್ಕೆ ಗೆಲ್ಲುವುದಿಲ್ಲ. ಅದೇ ನೆಟ್‌ಫ್ಲಿಕ್ಸ್‌ನ ‘ಕೌಬಾಯ್ ಬೀಬಾಪ್’ 2021ರಲ್ಲಿ ಬಂದು ಮೂರು ವಾರದೊಳಗೆ ರದ್ದಾಯಿತು.

‘ದಿ ಲಾಸ್ಟ್ ಏರ್‌ಬೆಂಡರ್’ ಇದರಲ್ಲಿ ಸೇರುತ್ತಾ?

ಸೇರುವುದಿಲ್ಲ. ಮೂಲ ಕಾರ್ಟೂನ್ ಅಮೆರಿಕದ್ದು, ಜಪಾನಿ ಅನಿಮೆ ಅಲ್ಲ.

‘ಅಕಿರಾ’ ಯಾವಾಗ ಬರುತ್ತೆ?

ವಾರ್ನರ್ ಬ್ರದರ್ಸ್ 2002ರಲ್ಲಿ ಹಕ್ಕು ತೆಗೆದುಕೊಂಡಿತು. ಎಷ್ಟೋ ನಿರ್ದೇಶಕರ ಹೆಸರು ಬಂದು ಹೋಯಿತು, ಸಿನಿಮಾ ಆಗಲೇ ಇಲ್ಲ. ಕತ್ಸುಹಿರೊ ಓಟೊಮೊ ಅವರ 1988ರ ಅನಿಮೆಯನ್ನೇ ದೊಡ್ಡ ಪರದೆಯಲ್ಲಿ ನೋಡಿ, ಅದಕ್ಕೆ ಏನೂ ಕಡಿಮೆಯಿಲ್ಲ.

ಮಕ್ಕಳ ಜೊತೆ ನೋಡಬಹುದಾ?

ಕೆನ್‌ಶಿನ್ ಮೊದಲ ಸಿನಿಮಾವನ್ನು ಹದಿಮೂರು ಹದಿನಾಲ್ಕು ದಾಟಿದ ಮಕ್ಕಳ ಜೊತೆ ನೋಡಬಹುದು, ಪಕ್ಕದಲ್ಲಿ ದೊಡ್ಡವರು ಇರಲಿ. ‘ದಿ ಬಿಗಿನಿಂಗ್’ ಬೇಡ. ಅದರಲ್ಲಿ ರಕ್ತ ಜಾಸ್ತಿ.

‘ದಿ ಬಿಗಿನಿಂಗ್’ ಕೊನೆಗೇ ಯಾಕೆ ನೋಡಬೇಕು?

ಆ ಸಿನಿಮಾದಲ್ಲಿ ಅವನ ಕೈಯಲ್ಲಿ ಸಕಾಬಾತೊ ಇಲ್ಲ. ಮಾಮೂಲಿ ಕತ್ತಿ. ಶುರುವಿನಲ್ಲೇ ಕೆನ್‌ಶಿನ್‌ನನ್ನು ಹಗ್ಗದಲ್ಲಿ ಕಟ್ಟಿ ಶತ್ರುಗಳ ನಡುವೆ ಕೂರಿಸಿದ್ದಾರೆ. ಕೈ ಆಡುವುದಿಲ್ಲ. ಅವನು ಒಬ್ಬನ ಕಿವಿ ಕಚ್ಚಿ ಕೀಳುತ್ತಾನೆ, ಆಮೇಲೆ ಕತ್ತಿಯನ್ನು ಬಾಯಲ್ಲಿ ಹಿಡಿದು ಕೊಲ್ಲಲು ಶುರು ಮಾಡುತ್ತಾನೆ. ನಾಲ್ಕು ಸಿನಿಮಾಗಳಲ್ಲಿ ನೋಡಿದ ಆ ಓಟ, ಆ ತಿರುಗುವಿಕೆ ಇಲ್ಲಿ ಇಲ್ಲ. ಒಂದು ಏಟು, ಒಬ್ಬ ಸತ್ತ. ಮುಂದಿನವನು. ಅದೇ ನಟ, ಅದೇ ಮೈ, ಕತ್ತಿಯ ಹರಿತ ಮಾತ್ರ ಹೊರಗೆ ತಿರುಗಿದೆ. ಇಷ್ಟು ದಿನ ಅವನು ಒಬ್ಬೊಬ್ಬರಿಗೆ ಮೂರು ಏಟು ಹಾಕಲು ಯಾಕೆ ಅಷ್ಟು ಕಷ್ಟಪಡುತ್ತಿದ್ದ ಅಂತ ಆಗ ಗೊತ್ತಾಗುತ್ತದೆ. ಇದನ್ನೇ ಮೊದಲು ನೋಡಿದರೆ ಹೋಲಿಸಲು ಏನೂ ಇರುವುದಿಲ್ಲ, ಇನ್ನೊಂದು ಕತ್ತಿ ಫೈಟ್ ಅಷ್ಟೇ ಅನಿಸುತ್ತದೆ.

ಇನ್ನೊಂದು ಕಾರಣ. ಈ ಸಿನಿಮಾ ಮುಗಿಯುವುದು 1868ರ ತೋಬಾ-ಫುಶಿಮಿ ಯುದ್ಧದಲ್ಲಿ. 2012ರ ಮೊದಲ ಸಿನಿಮಾ ಶುರುವಾಗುವುದೂ ಅದೇ ರಣರಂಗದಲ್ಲಿ. ಗೆದ್ದ ಸುದ್ದಿ ಬರುತ್ತದೆ, ಅವನು ಕತ್ತಿಯನ್ನು ಮಣ್ಣಿಗೆ ನೆಟ್ಟು ನಡೆದುಹೋಗುತ್ತಾನೆ. ಐದೂ ಮುಗಿಸಿದ ರಾತ್ರಿ ಮಲಗುವ ಮೊದಲು ಮೊದಲ ಸಿನಿಮಾದ ಆ ಶುರುವಿನ ಕೆಲವು ನಿಮಿಷ ಮತ್ತೆ ಹಾಕಿ ನೋಡಿ. ಅವನ ಮುಖ ನೋಡಿ, ಕೆನ್ನೆಯ ಗಾಯ ನೋಡಿ.